ಪಿಂಗಾಣಿ ಹೂಜಿಯೂ ಹಳೆಯ ಸೀರೆಯೂ

ಮಸ್ಕತ್ತಿನಲ್ಲಿ ಇಪ್ಪತ್ತೆರಡು ವರ್ಷ ಬಾಳಿದ ಬೆನೆಡಿಕ್ಟಾ ಬಾಯಿ ಊರಿಗೆ ಸಾಮಾನು ಸಾಗಿಸುವಾಗ, ಚಹಾದ ಪಿಂಗಾಣಿ ಹೂಜಿಗೆ ತನ್ನ ಹಳೆಯ ನೂಲಿನ ಸೀರೆಯನ್ನು ಸುತ್ತಿ ಪೆಟ್ಟಿಗೆಯಲ್ಲಿಟ್ಟಳು.

“ದೂರವಿರಮ್ಮ, ನಿನ್ನ ಮೈಯೆಲ್ಲ ಒಗ್ಗರಣೆ ವಾಸನೆ. ನಾನು ಅತಿಥಿಗಳಿಗಾಗಿ ಇರುವವಳು” ಎಂದಿತು ಹೂಜಿ.

“ಆಗಲಿ ಮಗಳೇ. ಮೊದಲು ನಿನ್ನ ಮೂತಿ ಮುರಿಯದೆ ಮನೆ ಸೇರಲಿ, ಆಮೇಲೆ ದೂರವೇ ಇರುತ್ತೇನೆ” ಎಂದಿತು ಸೀರೆ.

ಬಂದರಿನಲ್ಲಿ ಪೆಟ್ಟಿಗೆ ದೊಪ್ಪೆಂದು ಬಿತ್ತು. ಹೂಜಿ ಹೆದರಿ ಸೀರೆಯನ್ನು ಅಪ್ಪಿಕೊಂಡಿತು. ಮೂತಿ ಉಳಿಯಿತು, ಸೀರೆ ಹರಿಯಿತು.

ಮನೆಯಲ್ಲಿ ಹೂಜಿ ಗಾಜಿನ ಕಪಾಟು ಸೇರಿತು. ಅದರಲ್ಲಿ ಚಹಾ ಕೊಡುವಷ್ಟು ದೊಡ್ಡ ಅತಿಥಿ ಯಾರೂ ಬರಲಿಲ್ಲ. ಶನಿವಾರ ಶನಿವಾರ ಧೂಳೊರೆಸಲು ಬರುತ್ತಿದ್ದುದು ಆ ಸೀರೆಯ ಚೂರೊಂದೇ.

“ಮೂತಿಯ ಹಿಂದೆ ಇನ್ನೂ ಧೂಳಿದೆಯಮ್ಮ” ಎನ್ನುತ್ತಿತ್ತು ಹೂಜಿ. “ನಿಧಾನವಾಗಿ ಒರೆಸು. ಅವಸರವೇನು?”