ಏಡಿರಾಯರ ಎಣ್ಣೆ ಅಂದಾಜು

ನನ್ನಾಣೆ, ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆಳ ಸಮುದ್ರದ ತಳದಲ್ಲಿ ಒಂದು ಏಡಿ, ತನ್ನ ಬಿಲದಡಿ ಎರಡು ಕೋಟಿ ಬ್ಯಾರಲ್ ಎಣ್ಣೆಯಿದೆಯೆಂದು ನೆರೆಮನೆಯ ಆಕ್ಟೋಪಸ್ಸಿನ ಮುಂದೆ ದಿನವೂ ಜಂಬ ಕೊಚ್ಚುತ್ತಿತ್ತು. ಒಂದು ದಿನ ಹಡಗಿನಿಂದ ಬೈರಿಗೆಯೇ ಇಳಿದುಬಂತು.

“ಏಡಿರಾಯರೇ, ನಿಮ್ಮ ಎಣ್ಣೆಯ ಸುದ್ದಿ ಮೇಲಕ್ಕೂ ಬಂತು. ಪಕ್ಕಕ್ಕೆ ಸರಿಯಿರಿ, ಮನೆ ಕೊರೆಯಬೇಕು.”

ಬಿಲದ ಬಾಯಿಗೆ ಅಡ್ಡ ನಿಂತ ಏಡಿ ಗತ್ತು ಬಿಡಲಿಲ್ಲ. “ನೋಡಪ್ಪಾ, ಬಲ್ಲವರ ಅಂದಾಜಿಗೆ ಎರಡು ತುದಿ. ಹೆಚ್ಚೆಂದರೆ ಎರಡು ಕೋಟಿ, ಕಡಿಮೆಯೆಂದರೆ ಸೊನ್ನೆ. ಸೊನ್ನೆ ನನ್ನ ಮನೆಯಡಿ, ಎರಡು ಕೋಟಿ ಆಕ್ಟೋಪಸ್ಸಿನ ಮನೆಯಡಿ.”

“ಏಡಿ ಮಾವ, ನಿನ್ನೆವರೆಗೆ ಅದು ನಿಮ್ಮದೇ ಆಗಿತ್ತಲ್ಲ!” ಎಂದು ಆಕ್ಟೋಪಸ್ ಎಂಟೂ ಕೈ ಬೀಸಿತು.

ಬೈರಿಗೆ ಬೇಸತ್ತು ಇಬ್ಬರ ಮನೆಯನ್ನೂ ಬಿಟ್ಟು ನಡುವೆ ಕೊರೆಯಿತು. ಬರೀ ಉಪ್ಪುನೀರು ಸಿಕ್ಕಿತು.

“ಸೊನ್ನೆ ಅಂದಿರಲಿಲ್ಲವೇ? ನನ್ನ ಅಂದಾಜು ಎಂದೂ ತಪ್ಪಿಲ್ಲ!” ಎಂದು ಏಡಿ ಬೀಗಿತು.

ಎಲ್ಲವೂ ನಿಜ. ಬೈರಿಗೆ ‘ರಾಯರೇ’ ಅಂದಿದ್ದು ಮಾತ್ರ ನಾನು ಸೇರಿಸಿದ್ದು.