ಆರನೇ ಮಹಡಿಯ ಆದೇಶ

“ಲೈಸೆನ್ಸ್ ಇಲ್ಲದೆ ಲಿಫ್ಟ್ ರಿಪೇರಿ ಮಾಡೋರಿಗೆ ಇನ್ನು ಜೈಲಿಲ್ಲ, ಬರೀ ದಂಡ. ನಾಳೆಗೆ ಆದೇಶ ಟೈಪಾಗಿರಬೇಕು!” ಆರನೇ ಮಹಡಿಯ ಸಾಹೇಬರು ಗುಡುಗಿದರು.

“ಜನ ಬಿದ್ದು ಸತ್ತರೆ, ಸಾರ್?” ಎಂದಳು ಗುಮಾಸ್ತೆ ಪಂಕಜಾಕ್ಷಿ.

“ದಂಡ ಕಟ್ತಾರಲ್ಲಮ್ಮ!”

ಮರುದಿನ ಕಚೇರಿಯ ಲಿಫ್ಟಿಗೆ ಅವಳೊಂದು ಚೀಟಿ ಅಂಟಿಸಿದಳು: ‘ರಿಪೇರಿ ಮಾಡಿದವನಿಗೆ ಲೈಸೆನ್ಸ್ ಇಲ್ಲ. ದಂಡ ಕಟ್ಟಿದ್ದಾನೆ. ಧೈರ್ಯವಾಗಿ ಹತ್ತಿ.’

ಸಾಹೇಬರು ಮೆಟ್ಟಿಲು ಹತ್ತಿಯೇ ಬಂದರು, ಏದುಸಿರು ಬಿಡುತ್ತಾ. “ಯಾರ್ರೀ ಅವನು? ಒಳಗೆ ಹಾಕಿಸ್ತೀನಿ!”

“ಲಿಫ್ಟ್ ಯಾರೂ ಮುಟ್ಟಿಲ್ಲ ಸಾರ್, ಚೀಟಿ ನನ್ನದು. ಆದರೆ ನೀವು ಸಹಿ ಹಾಕಿದ ಮೇಲೆ ಯಾರನ್ನೂ ಒಳಗೆ ಹಾಕಿಸೋಕಾಗಲ್ಲ.”

ಸಾಹೇಬರು ಬೆವರೊರೆಸಿಕೊಂಡರು. “ನಮ್ಮ ಲಿಫ್ಟಿಗೆ ಮಾತ್ರ ಲೈಸೆನ್ಸ್ ಇದ್ದವನನ್ನೇ ಕರೆಸಿ,” ಎಂದು ಆದೇಶಕ್ಕೆ ಸಹಿ ಹಾಕಿದರು.

ಪಂಕಜಾಕ್ಷಿ ಚೀಟಿ ಕಿತ್ತಳು. ಹರಿಯಲು ಮನಸ್ಸಾಗಲಿಲ್ಲ. ಬೆಳಿಗ್ಗೆ ಅದು ಸುಳ್ಳಾಗಿತ್ತು. ನಾಳೆಯಿಂದ ಊರಿನ ಯಾವ ಲಿಫ್ಟಿಗೆ ಅಂಟಿಸಿದರೂ ನಿಜವಿರಬಹುದು.