ನೀರುನಾಯಿಯ ಬಂಡೆ

ಹೊಳೆಯಲ್ಲಿ ಜೀವವಿಲ್ಲವೆಂದು ಅಧಿಕಾರಿ ಬರೆದುಕೊಟ್ಟರೆ ಮರಳು ಬಗೆಯುವ ಯಂತ್ರಗಳು ಇಳಿಯುತ್ತವೆಂದು ಕೇಳಿ ನೀರುನಾಯಿ ದಡದತ್ತ ಧಾವಿಸಿತು. ದಡದ ಬಿಲದಲ್ಲಿ ಇನ್ನೂ ಕಣ್ಣು ಬಿಡದ ಮೂರು ಮರಿಗಳಿದ್ದವು.

"ಅಂಜಬೇಡ, ಆ ಅಧಿಕಾರಿಯನ್ನು ನಾನು ನೋಡಿಕೊಳ್ಳುತ್ತೇನೆ," ಎಂದಿತು ನವಿಲು. "ಊರವರ ಫೋನಿನಲ್ಲೆಲ್ಲ ನನ್ನದೇ ಚಿತ್ರ. ನೀನು ಮಾತ್ರ ದಿನಾ ಆ ಬಂಡೆಯ ಮೇಲೆ ಹೇತು ಹೊಳೆಯ ಮಾನ ಕಳೆಯಬೇಡ."

"ನಮ್ಮಜ್ಜಿಯ ಕಾಲದಿಂದಲೂ ನಮಗೆ ಅದೇ ಬಂಡೆ," ಎಂದಿತು ನೀರುನಾಯಿ. ಮರುದಿನ ಬೆಳಿಗ್ಗೆಯೂ ಅಲ್ಲೇ ಕೂತೆದ್ದು, ಜೊಂಡಿನೊಳಗೆ ಅಡಗಿತು.

ಅಧಿಕಾರಿ ನೀಲಾಂಬಿಕೆ ಬಂದರು. ನವಿಲು ಗರಿಗೆದರಿ ಕುಣಿಯಿತು. ಅವರು ಒಂದು ಫೋಟೊ ತೆಗೆದು, "ಚೆನ್ನಾಗಿದ್ದೀಯಪ್ಪ. ಆದರೆ ನಿನ್ನಂಥವು ನಮ್ಮ ಆಫೀಸಿನ ಹಿತ್ತಲಲ್ಲೂ ಇವೆ," ಎಂದು ಮುಂದೆ ನಡೆದರು. ಬಂಡೆಯ ಬಳಿ ತಟ್ಟನೆ ಮಂಡಿಯೂರಿದರು. ಹಿಕ್ಕೆಯ ತುಂಬ ಮೀನಿನ ಮುಳ್ಳು, ಏಡಿಯ ಚಿಪ್ಪು!

"ಇಲ್ಲಿ ನೀರುನಾಯಿ ಇದೆ! ಹೊಳೆ ತುಂಬ ಮೀನಿದೆ! ಒಂದು ಯಂತ್ರವೂ ಇಳಿಯಕೂಡದು!" ಎಂದು ಕೂಗಿದರು. ಯಂತ್ರಗಳನ್ನು ಹೊತ್ತು ದಡದಲ್ಲಿ ಸಾಲಾಗಿ ನಿಂತಿದ್ದ ಲಾರಿಗಳು ಬಂದ ದಾರಿಯಲ್ಲೇ ಹಿಂದಿರುಗಿದವು.

ಮರಿಗಳು ಕಣ್ಣು ಬಿಟ್ಟು ಹೊರಬಂದ ದಿನ ನೀರುನಾಯಿ ಅವನ್ನು ಮೊದಲು ಕರೆದೊಯ್ದದ್ದು ಆ ಬಂಡೆಗೇ. ಅಲ್ಲಿ ನಿಂತಿದ್ದ ನವಿಲು ಗರಿ ಮುದುರಿಕೊಂಡು ಪಕ್ಕಕ್ಕೆ ಸರಿದು, "ದಯಮಾಡಿಸಬೇಕು," ಎಂದಿತು.